ಮನಸ್ಸು ನಿಲ್ಲುತ್ತಿಲ್ಲ: ಇದು ಎಡಿಎಚ್‌ಡಿಯೋ, ಆತಂಕವೋ?

ಪ್ರಶ್ನೆ: ನನಗೆ 27 ವರ್ಷ. ಊರು ಗುಬ್ಬಿ. ತುಮಕೂರಿನ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ಸ್ ನೋಡಿಕೊಳ್ಳುತ್ತೇನೆ, ದಿನಾ ಬಸ್ಸಿನಲ್ಲಿ ಓಡಾಟ. ಎಂಟು ತಿಂಗಳ ಹಿಂದೆ ಹಿರಿಯ ಅಕೌಂಟೆಂಟ್ ಕೆಲಸ ಬಿಟ್ಟರು, ಅವರು ನೋಡುತ್ತಿದ್ದ ಪಾರ್ಟಿಗಳೆಲ್ಲ ನನ್ನ ಪಾಲಿಗೆ ಬಂದವು. ಅದೇ ಸುಮಾರಿಗೆ ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದೆವು. ಆಮೇಲಿನಿಂದ ಒಂದು ಕಡೆ ಕೂರಲು ಆಗುವುದಿಲ್ಲ. ಒಂದೇ ಬಿಲ್ ಎಷ್ಟು ಸಲ ನೋಡಿದರೂ ತಲೆಗೆ ಹೋಗುವುದಿಲ್ಲ. ರಾತ್ರಿ ಒಂದಾದರೂ ನಿದ್ದೆ ಇಲ್ಲ. ರೀಲ್ಸ್‌ನಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಲಕ್ಷಣ ಅಂತ ಹೇಳುವುದೆಲ್ಲ ನನ್ನನ್ನೇ ನೋಡಿ ಹೇಳಿದ ಹಾಗಿದೆ. ಆನ್‌ಲೈನ್ ಪ್ರಶ್ನಾವಳಿಯಲ್ಲಿ ಆರಕ್ಕೆ ಐದು ಬಂತು. ‘ನೀನು ಚಿಕ್ಕೋಳಿದ್ದಾಗಿಂದ್ಲೂ ಮರೆಗುಳಿನೇ’ ಅನ್ನುತ್ತಾರೆ ಅಮ್ಮ. ಆಫೀಸಿನವರೊಬ್ಬರು ಕೊಟ್ಟ ಆಲ್‌ಪ್ರಜೋಲಾಮ್ ಮಾತ್ರೆ ಎರಡು ರಾತ್ರಿ ನುಂಗಿದೆ, ಚೆನ್ನಾಗಿ ನಿದ್ದೆ ಬಂತು. ಅದನ್ನೇ ಮುಂದುವರಿಸಲೇ? ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ. ಮನೋವೈದ್ಯರ ಹತ್ತಿರ ಹೋದದ್ದು ಹೊರಗೆ ಗೊತ್ತಾದರೆ ಏನು ಗತಿ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇದು ಆತಂಕದ ಕಡೆಗೇ ಹೆಚ್ಚು ವಾಲುತ್ತದೆ. ಹಾಗಂತ ಎಡಿಎಚ್‌ಡಿ ಇಲ್ಲವೇ ಇಲ್ಲ ಎಂದು ಪತ್ರ ಓದಿ ಹೇಳುವಂತಿಲ್ಲ. ನಿಮ್ಮ ಅಮ್ಮನ ಒಂದು ಮಾತಿನಿಂದಾಗಿ ಅದನ್ನೂ ವಿಚಾರಿಸಲೇಬೇಕು. ಈ ಎರಡನ್ನು ಬಿಡಿಸಿ ನೋಡುವಾಗ ಲಕ್ಷಣಗಳ ಪಟ್ಟಿಗಿಂತ ಎರಡು ಸಂಗತಿ ಹೆಚ್ಚು ಕೆಲಸಕ್ಕೆ ಬರುತ್ತವೆ: ಯಾವಾಗಿನಿಂದ ಹೀಗಿದೆ, ಮತ್ತು ಕೆಲಸ ಬಿಟ್ಟು ಹೋದ ಮನಸ್ಸು ಎಲ್ಲಿಗೆ ಹೋಗುತ್ತದೆ.

ಎಡಿಎಚ್‌ಡಿ 27ನೇ ವಯಸ್ಸಿನಲ್ಲಿ ಹೊಸದಾಗಿ ಶುರುವಾಗುವ ತೊಂದರೆಯಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಅದು, ವಂಶದಲ್ಲಿ ಹರಿದು ಬರುವುದು ಹೆಚ್ಚು. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಅದರ ಹಲವು ಲಕ್ಷಣಗಳು 12 ವರ್ಷ ತುಂಬುವ ಮುಂಚೆಯೇ ಕಂಡಿರಬೇಕು. ಮನೆ, ಶಾಲೆ, ಕೆಲಸ, ಸ್ನೇಹಿತರು ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ, ಅಥವಾ ಚಡಪಡಿಕೆ-ಆತುರಕ್ಕೆ ಸಂಬಂಧಿಸಿದ ಒಂಬತ್ತರಲ್ಲಿ, 17 ತುಂಬಿದವರಿಗೆ ಕನಿಷ್ಠ ಐದಾದರೂ ಇರಬೇಕು. ಇಷ್ಟೆಲ್ಲ ಇದ್ದೂ ಬದುಕಿಗೆ ನಿಜವಾದ ಅಡಚಣೆ ಆಗುತ್ತಿರಬೇಕು, ಬೇರೆ ತೊಂದರೆಯಿಂದ ಹಾಗಾಗುತ್ತಿಲ್ಲ ಎಂದು ಖಚಿತವಾಗಬೇಕು. ನೀವಾದರೋ ‘ಆಮೇಲಿನಿಂದ’ ಎಂದು ಬರೆದಿದ್ದೀರಿ. ಎಂಟು ತಿಂಗಳ ಹಿಂದೆ ಎರಡು ಭಾರ ಒಟ್ಟಿಗೆ ಬಿದ್ದವು, ಅಲ್ಲಿಂದ ತೊಂದರೆ ಶುರುವಾಯಿತು. ಹೀಗೆ ಆರಂಭದ ದಿನ ಹೇಳಬಲ್ಲ ತೊಂದರೆಗೆ ಮೊದಲು ಯೋಚಿಸಬೇಕಾದ್ದು ಆತಂಕ, ಖಿನ್ನತೆ, ನಿದ್ದೆಗೇಡು, ಇಲ್ಲವೇ ದೇಹದ ಯಾವುದೋ ಏರುಪೇರು.

ಇಷ್ಟಾದರೂ ರೀಲ್ಸ್ ನೋಡಿದಾಗ ಎಲ್ಲವೂ ನಿಮಗೇ ಹೊಂದುವುದು ಸಹಜ. ಅತಿ ಚಿಂತೆಯ ಕಾಯಿಲೆ, ಅಂದರೆ ಸಾಮಾನ್ಯೀಕೃತ ಆತಂಕ ಎಂದು ವೈದ್ಯರು ಕರೆಯುವುದಕ್ಕೆ ಹೇಳಿರುವ ಆರು ಲಕ್ಷಣಗಳನ್ನು ನೋಡಿ: ಚಡಪಡಿಕೆ, ಬೇಗ ಸುಸ್ತಾಗುವುದು, ಗಮನ ನಿಲ್ಲದಿರುವುದು, ಸಿಡುಕು, ಸ್ನಾಯುಗಳ ಬಿಗಿತ, ನಿದ್ದೆಯ ತೊಂದರೆ. ಚಿಂತೆ ಹಿಡಿತಕ್ಕೆ ಸಿಗದೆ, ಆರು ತಿಂಗಳ ಕಾಲ, ಬಹುತೇಕ ದಿನ ಇದ್ದು, ಜೊತೆಗೆ ಈ ಆರರಲ್ಲಿ ಮೂರು ಇದ್ದರೆ ಸಾಕು. ಇವುಗಳಲ್ಲಿ ಬಿಗಿತ ಒಂದನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಎಡಿಎಚ್‌ಡಿ ಇರುವವರೂ ಹೇಳಿಕೊಳ್ಳುತ್ತಾರೆ. ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ‘ನಿಮಗೂ ಹೀಗಾಗುತ್ತಾ?’ ಎಂದು ಕೇಳಿದರೆ ಇಬ್ಬರೂ ಹೌದು ಅನ್ನುತ್ತಾರೆ, ನಿದ್ದೆಗೆಟ್ಟವರೂ ಹೌದು ಅನ್ನುತ್ತಾರೆ.

ಈಗ ನಿಮ್ಮ ಮೇಜಿನ ಮೇಲಿನ ಆ ಬಿಲ್ಲನ್ನೇ ತೆಗೆದುಕೊಳ್ಳೋಣ. 29ರಿಂದ ಶುರುವಾಗುವ, ಹದಿನೈದು ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರ್ ನೋಡಿ ಟೈಪ್ ಮಾಡಬೇಕು. ಎಡಿಎಚ್‌ಡಿ ಇರುವವರ ಗಮನ ಐದಾರು ಅಕ್ಷರ ದಾಟುವಷ್ಟರಲ್ಲಿ ಜಾರಿಬಿಡುತ್ತದೆ. ಪಕ್ಕದ ಟೇಬಲ್ಲಿನ ಮಾತು, ಫೋನ್ ಮಿಣುಕಿದ್ದು, ಬಿಲ್ ಮೇಲಿರುವ ಅಂಗಡಿ ಹೆಸರು ನೋಡಿ ನೆನಪಾದ ಇನ್ನೇನೋ. ಹೋದ ಜಾಗದಲ್ಲಿ ಭಯ ಇರುವುದಿಲ್ಲ, ಕುತೂಹಲ ಇರುತ್ತದೆ ಅಥವಾ ಬೇಜಾರು ಕಳೆಯುವ ಏನಾದರೂ ಇರುತ್ತದೆ. ಬೇರೆ ಪಾರ್ಟಿಯ ನಂಬರ್ ಹಾಕಿದ್ದು ಗೊತ್ತಾಗದೆ ಸೇವ್ ಒತ್ತಿ ಮುಂದಕ್ಕೆ ಹೋಗಿಬಿಡುತ್ತಾರೆ. ತಪ್ಪು ತಿಳಿಯುವುದು ಪಾರ್ಟಿಯವರು ‘ನಮ್ಮ ತೆರಿಗೆ ಕ್ರೆಡಿಟ್ ಕಾಣಿಸ್ತಿಲ್ಲವಲ್ಲ’ ಎಂದು ಫೋನ್ ಮಾಡಿದಾಗ.

ಆತಂಕ ಇರುವವರ ಕೈಯಲ್ಲಿ ಅದೇ ಬಿಲ್ ಬೇರೆ ರೀತಿ ಸಿಕ್ಕಿಬೀಳುತ್ತದೆ. ಟೈಪ್ ಸರಿಯಾಗಿಯೇ ಆಗಿರುತ್ತದೆ. ಆದರೆ ‘ತಪ್ಪಾಗಿದ್ದರೆ? ನೋಟಿಸ್ ಬಂದರೆ? ಸರ್ ಏನಂದುಕೊಳ್ಳುತ್ತಾರೆ?’ ಎಂಬ ಸರಣಿ ಒಳಗೆ ಓಡುತ್ತಿರುತ್ತದೆ. ಆಗಿಂದಾಗಲೇ ಬೇಕಾದ ಮಾಹಿತಿಯನ್ನು ಹಿಡಿದಿಟ್ಟುಕೊಳ್ಳಲು ಮಿದುಳಿಗೆ ಇರುವ ಜಾಗ ಬಹಳ ಚಿಕ್ಕದು. ಆ ಜಾಗವನ್ನು ಚಿಂತೆ ಆಕ್ರಮಿಸಿದರೆ ಬಿಲ್ಲಿನ ಅಂಕಿಗೆ ಉಳಿಯುವುದು ಅಷ್ಟಕ್ಕಷ್ಟೆ. ಅದಕ್ಕೇ ಓದಿದ್ದು ತಲೆಗೆ ಹೋಗುವುದಿಲ್ಲ. ಮತ್ತೆ ನೋಡುತ್ತಾರೆ, ಮತ್ತೂ ನೋಡುತ್ತಾರೆ, ಕಳಿಸುವ ಬಟನ್ ಒತ್ತಲು ಕೈ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ‘ಎಷ್ಟು ಸಲ ನೋಡಿದರೂ’ ಎಂಬ ಮಾತಿದೆ. ಅಷ್ಟು ಸಲ ನೋಡುತ್ತಿರುವುದು ಗಮನ ಜಾರಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗಿ ಬಂದಿದ್ದಕ್ಕೋ, ತಪ್ಪಾಗಿದೆಯೇನೋ ಎಂಬ ಭಯಕ್ಕೋ? ಇದನ್ನು ನಾಳೆಯೇ ಗಮನಿಸಿ, ಬಹಳ ಉಪಯೋಗದ ಸುಳಿವು.

ಇನ್ನೊಂದು ಸುಳಿವು ನಿಮ್ಮ ಕೆಲಸದ ಕ್ಯಾಲೆಂಡರಿನಲ್ಲೇ ಇದೆ. ತಿಂಗಳ ರಿಟರ್ನ್ಸ್ ಸಲ್ಲಿಸಲು ಕೊನೆಯ ದಿನ ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20. ಎಡಿಎಚ್‌ಡಿ ಇರುವ ಬಹಳ ಮಂದಿಗೆ ತಿಂಗಳಿಡೀ ಮೈಮೇಲೆ ಬಾರದ ಕೆಲಸ 19ರ ರಾತ್ರಿ ಸರಸರ ಸಾಗುತ್ತದೆ; ಗಡುವು ಹತ್ತಿರ ಬಂದಾಗಲೇ ಅವರ ಮಿದುಳು ಎಚ್ಚೆತ್ತುಕೊಳ್ಳುವುದು. ಆತಂಕ ಇರುವವರಿಗೆ ಉಲ್ಟಾ: 5ನೇ ತಾರೀಕಿನಿಂದಲೇ 20ರ ಚಿಂತೆ, ದಿನ ಹತ್ತಿರ ಬಂದಷ್ಟೂ ಕೈಕಾಲು ಆಡುವುದಿಲ್ಲ, 21ರ ಬೆಳಗ್ಗೆ ಒಂದಷ್ಟು ಹಗುರ, ಸಂಜೆಗೆ ಮುಂದಿನ ತಿಂಗಳ ಚಿಂತೆ ಅಥವಾ ಅಪ್ಪನ ಮಾತ್ರೆ ಮುಗಿಯಿತೇ ಎಂಬ ಚಿಂತೆ. ಇದೇನೂ ಕಬ್ಬಿಣದ ನಿಯಮವಲ್ಲ, ಎಡಿಎಚ್‌ಡಿ ಇದ್ದೂ ಗಡುವಿಗೆ ಹೆದರಿ ನಡುಗುವವರಿದ್ದಾರೆ. ಆದರೂ ಎರಡು ಮೂರು ತಿಂಗಳ ನಡವಳಿಕೆ ಒಟ್ಟಿಗೆ ಇಟ್ಟು ನೋಡಿದರೆ ಒಂದು ಕಡೆಗೆ ತೂಗುತ್ತದೆ.

ಚಡಪಡಿಕೆಯಲ್ಲೂ ವ್ಯತ್ಯಾಸ ಉಂಟು. ದೊಡ್ಡವರ ಎಡಿಎಚ್‌ಡಿಯಲ್ಲಿ ಅದು ಒಳಗಿನ ಮೋಟಾರು ನಿಲ್ಲದ ಹಾಗೆ: ಕಾಲು ಅಲ್ಲಾಡಿಸುವುದು, ಪೆನ್ನು ಟಕಟಕ ಅನ್ನಿಸುವುದು, ಮಾತಿನ ಮಧ್ಯೆ ಬಾಯಿ ಹಾಕುವುದು, ಕ್ಯೂನಲ್ಲಿ ನಿಲ್ಲಲಾಗದೆ ಒದ್ದಾಡುವುದು. ಖುಷಿಯಾಗಿದ್ದಾಗಲೂ ಇರುತ್ತದೆ. ಗುಬ್ಬಿ ಜಾತ್ರೆಯಲ್ಲಿ ಗೆಳತಿಯರ ಜೊತೆ ಇದ್ದಾಗಲೂ, ಯಾವ ಚಿಂತೆಯೂ ಇಲ್ಲದ ಭಾನುವಾರವೂ ಇರುತ್ತದೆ. ಆತಂಕದ ಚಡಪಡಿಕೆಯ ಜೊತೆ ದೇಹ ದೂರು ಹೇಳುತ್ತದೆ: ಎದೆ ಹೊಡೆದುಕೊಳ್ಳುವುದು, ಹೆಗಲು-ಕತ್ತು ಹಿಡಿದುಕೊಂಡಂತಿರುವುದು, ಹೊಟ್ಟೆ ಕಿವುಚಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಅಂಗೈ ಬೆವರುವುದು, ಏನೋ ಕೆಟ್ಟದ್ದು ಆಗಲಿದೆ ಎಂಬ ಅಳುಕು. ರಾತ್ರಿ ಒಂದರವರೆಗೆ ನಿದ್ದೆ ಬಾರದಿರುವುದೂ ಹಾಗೆಯೇ. ದೀಪ ಆರಿಸಿ ಮಲಗಿದ ಮೇಲೆ ಚಿಂತೆಗಳು ಸಾಲುಗಟ್ಟುತ್ತವೆಯೋ, ಅಥವಾ ಮಲಗುವುದಕ್ಕೇ ಮನಸ್ಸು ಬಾರದೆ ಫೋನಿನಲ್ಲಿ ಹೊತ್ತು ಹೋಗುತ್ತದೆಯೋ ನೋಡಿಕೊಳ್ಳಿ.

ಇನ್ನು ಅಮ್ಮನ ಮಾತಿಗೆ ಬರೋಣ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ತರಗತಿಯಲ್ಲಿ ಎದ್ದು ಓಡಾಡುವ ಹುಡುಗನನ್ನು ಮೇಷ್ಟ್ರು ಗುರುತಿಸುತ್ತಾರೆ, ಕಿಟಕಿ ಪಕ್ಕ ಸದ್ದಿಲ್ಲದೆ ಕೂತು ಕನಸು ಕಾಣುವ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾರ್ಕ್ಸ್ ಬರುತ್ತಿದ್ದರಂತೂ ಕೇಳುವವರೇ ಇಲ್ಲ. ಹೀಗೆ ಗಮನದ ತೊಂದರೆಯೊಂದೇ ಇದ್ದ ಎಷ್ಟೋ ಹೆಣ್ಣುಮಕ್ಕಳು ಕೆಲಸಕ್ಕೆ ಸೇರಿ, ಜವಾಬ್ದಾರಿ ಏಕಾಏಕಿ ಹೆಚ್ಚಾದಾಗಲೇ ಸೋಲುವುದು. ಅಲ್ಲಿಯವರೆಗೆ ಬ್ಯಾಗ್ ಜೋಡಿಸಿಕೊಡುವ ಅಮ್ಮ, ಹೋಂವರ್ಕ್ ನೆನಪಿಸುವ ಅಕ್ಕ, ಗಂಟೆ ಹೊಡೆದು ದಿನವನ್ನು ಭಾಗ ಮಾಡುವ ಶಾಲೆ ಆಸರೆಯಾಗಿದ್ದಿರುತ್ತವೆ. ನಿಮ್ಮ ವಿಷಯದಲ್ಲೂ ಇದು ಸಾಧ್ಯ: ತೊಂದರೆ ಮೊದಲೇ ಇದ್ದು, ಎಂಟು ತಿಂಗಳ ಹಿಂದೆ ಬಯಲಿಗೆ ಬಂದಿರಬಹುದು.

ಆದರೆ ‘ಮರೆಗುಳಿ’ ಎಂಬ ಹಣೆಪಟ್ಟಿಯೊಂದರಿಂದ ಏನೂ ತೀರ್ಮಾನವಾಗದು. ಅದನ್ನು ಎಲ್ಲ ಅಮ್ಮಂದಿರೂ ಎಲ್ಲ ಮಕ್ಕಳಿಗೂ ಅಂಟಿಸುತ್ತಾರೆ. ಕೂರಿಸಿಕೊಂಡು ಬಿಡಿಸಿ ಕೇಳಿ. ನಾಲ್ಕು-ಐದನೇ ತರಗತಿಯಲ್ಲಿದ್ದಾಗ ಊಟದ ಡಬ್ಬಿ, ಕೊಡೆ, ಜಾಮಿಟ್ರಿ ಬಾಕ್ಸ್ ಕಳೆಯುವುದು ವಾರವಾರದ ಕತೆಯೇ, ವರ್ಷಕ್ಕೊಮ್ಮೆಯೇ? ಅಂಗಡಿಗೆ ಮೂರು ಸಾಮಾನು ಹೇಳಿ ಕಳಿಸಿದರೆ ಎಷ್ಟು ತರುತ್ತಿದ್ದಿರಿ? ಹೋಂವರ್ಕಿಗೆ ಪಕ್ಕದಲ್ಲೇ ಯಾರಾದರೂ ಕೂರಬೇಕಿತ್ತೇ? ಬಾಯಿಲೆಕ್ಕ ಸರಿ ಹೇಳಿ ಬರೆಯುವಾಗ ಕೂಡುವ ಕಡೆ ಕಳೆಯುತ್ತಿದ್ದಿರೇ? ಶಾಲೆಯ ಪ್ರಗತಿ ಪತ್ರಗಳು ಟ್ರಂಕಿನಲ್ಲಿ ಉಳಿದಿದ್ದರೆ ಅಂಕಗಳನ್ನಲ್ಲ, ಕೆಳಗೆ ಕೈಬರಹದಲ್ಲಿ ಬರೆದಿರುವ ಷರಾ ನೋಡಿ. ‘ಬುದ್ಧಿವಂತೆ, ಆದರೆ ಪಾಠದ ಕಡೆ ಗಮನ ಸಾಲದು’ ಎಂಬಂಥದ್ದು ವರ್ಷ ವರ್ಷವೂ, ಬೇರೆ ಬೇರೆ ಶಿಕ್ಷಕರ ಕೈಯಲ್ಲಿ ಕಂಡರೆ ಅದು ತೂಕದ ಸಾಕ್ಷಿ. ಜೊತೆಗೆ ಅಪ್ಪನಿಗೋ ಅಣ್ಣ-ತಮ್ಮನಿಗೋ ಇಂಥದ್ದೇ ಸ್ವಭಾವ ಇದೆಯೇ ಎಂದೂ ಕೇಳಿ. ಬಾಲ್ಯದಿಂದಲೇ ಅತಿಯಾಗಿ ಹೆದರುವ, ಪರೀಕ್ಷೆ ದಿನ ವಾಂತಿ ಮಾಡಿಕೊಳ್ಳುವ ಹುಡುಗಿಯಾಗಿದ್ದಿರೇ ಎಂದು ಕೇಳುವುದನ್ನು ಮರೆಯಬೇಡಿ. ಆತಂಕಕ್ಕೂ ಬಾಲ್ಯದ ಬೇರು ಇರುತ್ತದೆ.

ಎರಡೂ ಇರುವ ಸಾಧ್ಯತೆ ಅಪರೂಪವಲ್ಲ. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಸುಮಾರು ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಯಾವುದಾದರೊಂದು ಆತಂಕದ ಕಾಯಿಲೆಯೂ ಇರುತ್ತದೆ. ವರ್ಷಗಟ್ಟಲೆ ಮರೆತು, ತಡವಾಗಿ, ಬೈಸಿಕೊಂಡವರು ಕೊನೆಗೆ ಎಲ್ಲವನ್ನೂ ಹತ್ತು ಸಲ ಪರೀಕ್ಷಿಸುವುದನ್ನು ರೂಢಿಸಿಕೊಳ್ಳುತ್ತಾರೆ. ಆಗ ಹೊರಗೆ ಕಾಣುವುದು ಆತಂಕ, ಕೆಳಗಿರುವುದು ಗಮನದ ಕೊರತೆ. ಇಂಥವರಿಗೆ ಆತಂಕದ ಚಿಕಿತ್ಸೆಯೊಂದನ್ನೇ ಕೊಟ್ಟರೆ ಭಯ ಇಳಿಯುತ್ತದೆ, ಕೀಲಿಕೈ ಕಳೆಯುವುದು ಮಾತ್ರ ನಿಲ್ಲುವುದಿಲ್ಲ.

ಆನ್‌ಲೈನಿನಲ್ಲಿ ಆರಕ್ಕೆ ಐದು ಬಂದ ಪ್ರಶ್ನಾವಳಿ ಬಹುಶಃ ಎಎಸ್‌ಆರ್‌ಎಸ್ ಇರಬೇಕು, ಅದರ ಮೊದಲ ಭಾಗದಲ್ಲಿ ಆರೇ ಪ್ರಶ್ನೆ. ನಾಲ್ಕು ಅಥವಾ ಹೆಚ್ಚು ಬಂದರೆ ‘ವೈದ್ಯರಲ್ಲಿ ವಿವರವಾಗಿ ವಿಚಾರಿಸಿಕೊಳ್ಳಿ’ ಎಂದಷ್ಟೇ ಅರ್ಥ. ಅದು ಕೇಳುವುದು ಕಳೆದ ಆರು ತಿಂಗಳ ಬಗ್ಗೆ. ನಿಮ್ಮ ತೊಂದರೆ ಎಂಟು ತಿಂಗಳದ್ದು, ಹಾಗಾಗಿ ಅಂಕ ಏರಲೇಬೇಕು. ಬಾಲ್ಯದ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇಲ್ಲ. ಅದರ ಜೊತೆ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಆತಂಕದ ಅಳತೆಯನ್ನೂ, ಖಿನ್ನತೆಗೆ ಪಿಎಚ್‌ಕ್ಯೂ-9 ಅನ್ನೂ ತುಂಬಿಸಿ ಇಟ್ಟುಕೊಳ್ಳಿ. ಜಿಎಡಿ-7ರಲ್ಲಿ ಒಟ್ಟು 21. ಐದರಿಂದ ಸೌಮ್ಯ, ಹತ್ತರಿಂದ ಮಧ್ಯಮ, ಹದಿನೈದರಿಂದ ತೀವ್ರ ಎಂದು ಲೆಕ್ಕ. ಹತ್ತು ಅಥವಾ ಹೆಚ್ಚು ಬಂದರೆ ತಡಮಾಡದೆ ತೋರಿಸಿಕೊಳ್ಳಿ. ಎಡಿಎಚ್‌ಡಿಯನ್ನು ಪತ್ತೆ ಮಾಡುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ‘ಬ್ರೈನ್ ಮ್ಯಾಪಿಂಗ್ ಮಾಡಿ ಹೇಳುತ್ತೇವೆ’ ಎನ್ನುವ ಕಡೆ ದುಡ್ಡು ಸುರಿಯಬೇಡಿ.

ರಕ್ತಪರೀಕ್ಷೆ ಬೇಕಾಗುವುದು ಬೇರೆ ಕಾರಣಕ್ಕೆ. ಥೈರಾಯಿಡ್ ಹೆಚ್ಚು ಕೆಲಸ ಮಾಡಿದರೆ ಎದೆ ಬಡಿತ, ನಡುಕ, ಬೆವರು, ಚಡಪಡಿಕೆ, ನಿದ್ದೆಗೇಡು ಎಲ್ಲವೂ ಬರುತ್ತವೆ, ಆತಂಕದ ಪಡಿಯಚ್ಚು. ಟಿಎಸ್‌ಎಚ್ ಪರೀಕ್ಷೆ ಸಾಕು, ಗೊತ್ತಾಗುತ್ತದೆ. ಹಿಮೋಗ್ಲೋಬಿನ್ ನೋಡಿಸಿ, ಹೆಣ್ಣುಮಕ್ಕಳಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, ಅದರಿಂದಲೂ ಸುಸ್ತು, ಎದೆಬಡಿತ, ಮಂಕು. ಸಸ್ಯಾಹಾರಿಯಾಗಿದ್ದರೆ ಬಿ12 ಕೂಡ. ಸಂಜೆಯಾದ ಮೇಲೆ ಕೂತಾಗ, ಮಲಗಿದಾಗ ಕಾಲೊಳಗೆ ಏನೋ ಹರಿದಂತಾಗಿ, ಅಲ್ಲಾಡಿಸಿದರೆ ಮಾತ್ರ ಸಮಾಧಾನ ಎನ್ನುವಂತಿದ್ದರೆ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಪರೀಕ್ಷೆ) ಮಾಡಿಸಲು ಕೇಳಿ. ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ ಈ ಕಾಲಿನ ತೊಂದರೆ ಸಾಮಾನ್ಯ, ನಿದ್ದೆ ಕೆಡಿಸುವುದೂ ಅದೇ. ನೀವು ಯಾವುದಾದರೂ ಮಾತ್ರೆ ತಿನ್ನುತ್ತಿದ್ದರೆ ಅದರ ಹೆಸರು ವೈದ್ಯರಿಗೆ ಹೇಳಿ. ಉಬ್ಬಸದ ಸಾಲ್ಬುಟಮಾಲ್, ವಾಂತಿ ನಿಲ್ಲಿಸುವ ಮೆಟೊಕ್ಲೋಪ್ರಮೈಡ್, ಹೆಚ್ಚಾದ ಥೈರಾಯಿಡ್ ಮಾತ್ರೆ ಇವೆಲ್ಲ ಚಡಪಡಿಕೆ ತರಬಲ್ಲವು.

ವೈದ್ಯರ ಬಳಿ ಹೋಗುವ ಮುಂಚೆ ಎರಡು ವಾರ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ದಿನವಿಡೀ ಬರೆಯಬೇಕಾಗಿಲ್ಲ, ಬೆಳಗ್ಗೆ ಹನ್ನೊಂದು, ಮಧ್ಯಾಹ್ನ ಮೂರು, ರಾತ್ರಿ ಮಲಗುವಾಗ, ಹೀಗೆ ಮೂರು ಹೊತ್ತು ಸಾಕು. ಏನು ಕೆಲಸ ಮಾಡುತ್ತಿದ್ದೆ, ಮನಸ್ಸು ಎಲ್ಲಿಗೆ ಹೋಯಿತು (ಭಯದ ಯೋಚನೆಗೋ, ಸುಮ್ಮನೆ ಬೇರೆ ವಿಷಯಕ್ಕೋ), ಮೈಯಲ್ಲಿ ಏನಾಗುತ್ತಿತ್ತು. ರಾತ್ರಿ ಮಲಗಿದ ಮತ್ತು ಎದ್ದ ಹೊತ್ತು, ಕುಡಿದ ಕಾಫಿ-ಟೀ ಲೆಕ್ಕ, ಮುಟ್ಟಿನ ದಿನ. ಕೆಲವರಿಗೆ ಮುಟ್ಟಿಗೆ ಮುಂಚಿನ ವಾರ ಚಡಪಡಿಕೆ, ಮರೆವು, ಸಿಡುಕು ಏರುತ್ತವೆ. ಬರೆದಿಡದಿದ್ದರೆ ಅದು ಗೊತ್ತೇ ಆಗುವುದಿಲ್ಲ. ಈ ಎರಡು ವಾರದಲ್ಲಿ 11 ಅಥವಾ 20ನೇ ತಾರೀಕು ಬರುವ ಹಾಗೆ ನೋಡಿಕೊಳ್ಳಿ, ಒಂದು ಬಿಡುವಿನ ಭಾನುವಾರವೂ ಸೇರಿರಲಿ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಕೆಟ್ಟ ದಿನ ಮಾತ್ರ ಬರೆಯುವುದು. ಚೆನ್ನಾಗಿದ್ದ ದಿನ ಏನಾಗಿತ್ತು ಎಂಬುದೇ ವೈದ್ಯರಿಗೆ ಹೆಚ್ಚು ಬೇಕಾದದ್ದು.

ಇದೇ ಎರಡು ವಾರ ಕೆಲವು ಬದಲಾವಣೆಗಳನ್ನೂ ಮಾಡಿ. ರೋಗ ಯಾವುದೇ ಇರಲಿ ಇವು ಬೇಕೇ ಬೇಕು. ಕೆಫೀನ್ ಅರ್ಧಕ್ಕೆ ಇಳಿಯಲು ದೇಹಕ್ಕೆ ಸುಮಾರು ಐದು ಗಂಟೆ ಹಿಡಿಯುತ್ತದೆ. ಸಂಜೆ ಐದರ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಕೊನೆಯ ಕಾಫಿ ಅಥವಾ ಟೀ ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ದಿನಕ್ಕೆ ಐದಾರು ಲೋಟ ಅಭ್ಯಾಸವಿದ್ದರೆ ಒಂದೇ ಸಲ ಬಿಡಬೇಡಿ, ತಲೆನೋವು ಬಂದು ಮತ್ತೆ ಶುರುಮಾಡುತ್ತೀರಿ. ಎರಡು ಮೂರು ದಿನಕ್ಕೊಂದು ಲೋಟ ಕಡಿಮೆ ಮಾಡುತ್ತ ಬನ್ನಿ. ಎಷ್ಟೇ ತಡವಾಗಿ ಮಲಗಿದ್ದರೂ ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ ಕೂಡ. ಬಸ್ಸಿನಲ್ಲಿ ಮನೆಗೆ ವಾಪಸ್ ಬರುವಾಗ ನಿದ್ದೆ ಮಾಡಿದರೆ ರಾತ್ರಿಯ ನಿದ್ದೆಗೆ ಕನ್ನ. ಫೋನ್ ಚಾರ್ಜಿಗೆ ಹಾಕುವ ಜಾಗ ಹಾಸಿಗೆಯಿಂದ ದೂರ ಇರಲಿ, ಎಬ್ಬಿಸಲು ಬೇರೆ ಅಲಾರಂ ಗಡಿಯಾರ ತೆಗೆದುಕೊಳ್ಳಿ. ಆರು ಗಂಟೆಗಿಂತ ಕಡಿಮೆ ನಿದ್ದೆ ಮಾಡುವವರ ಗಮನವನ್ನು ಅಳೆದು ಎಡಿಎಚ್‌ಡಿ ಎಂದು ತೀರ್ಮಾನಿಸುವುದೇ ತಪ್ಪು. ನಿದ್ದೆ ಏಳು ಗಂಟೆಗೆ ಬಂದ ಮೇಲೂ ಉಳಿಯುವ ತೊಂದರೆಯೇ ನಿಜವಾಗಿ ವಿಚಾರಿಸಬೇಕಾದ್ದು.

ಚಿಂತೆಗೆ ಹೊತ್ತು ಗೊತ್ತುಮಾಡಿ. ಸಂಜೆ ಆರೂವರೆಯಿಂದ ಹದಿನೈದು-ಇಪ್ಪತ್ತು ನಿಮಿಷ, ಪೆನ್ನು ಹಿಡಿದು ಕೂತು, ತಲೆಯಲ್ಲಿರುವುದನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ‘ಈಗ ಮಾಡಬಹುದಾದ್ದು ಏನಾದರೂ ಇದೆಯೇ?’ ಎಂದು ಕೇಳಿ, ಇದ್ದರೆ ಯಾವಾಗ ಎಂದು ಬರೆಯಿರಿ, ಇಲ್ಲದಿದ್ದರೆ ಅಲ್ಲಿಗೆ ಬಿಡಿ. ಹಗಲಿನಲ್ಲಿ ಚಿಂತೆ ಬಂದಾಗ ಒಂದು ಚೀಟಿಯಲ್ಲಿ ಒಂದೇ ಪದ ಗೀಚಿ ಸಂಜೆಗೆ ಮುಂದೂಡಿ. ಮೊದಲ ನಾಲ್ಕೈದು ದಿನ ಇದು ಕೆಲಸ ಮಾಡುತ್ತಿಲ್ಲ ಅನಿಸುತ್ತದೆ, ಬಿಡಬೇಡಿ. ಬಿಲ್ ನೋಡುವುದಕ್ಕೂ ಒಂದು ನಿಯಮ: ಟೈಪ್ ಮಾಡಿದ ಮೇಲೆ ಒಂದು ಸಲ ನೋಡಿ, ದಿನದ ಕೊನೆಯಲ್ಲಿ ಇನ್ನೊಂದು ಸಲ ಪಟ್ಟಿ ಇಟ್ಟುಕೊಂಡು ತಾಳೆ ನೋಡಿ, ಅಷ್ಟೇ. ಮೂರನೇ ಸಲ ನೋಡಬೇಕೆಂಬ ಒತ್ತಡ ಬಂದಾಗ ನೋಡದೆ ಹತ್ತು ನಿಮಿಷ ತಡೆಯಿರಿ. ಎದೆ ಹೊಡೆದುಕೊಂಡೀತು, ಆಮೇಲೆ ತಾನಾಗಿ ಇಳಿಯುತ್ತದೆ. ಆತಂಕ ಇದ್ದರೆ ಈ ನಿಯಮದಿಂದ ತಪ್ಪುಗಳು ಹೆಚ್ಚಾಗುವುದಿಲ್ಲ, ಹೊತ್ತು ಉಳಿಯುತ್ತದೆ. ಒಂದು ವೇಳೆ ತಪ್ಪುಗಳು ಜಾಸ್ತಿಯಾದರೆ ಅದೂ ಒಂದು ಮಾಹಿತಿ, ಎಡಿಎಚ್‌ಡಿ ಕಡೆಯ ಮಾಹಿತಿ, ಪುಸ್ತಕದಲ್ಲಿ ಬರೆಯಿರಿ. ದಿನಾ ಅರ್ಧ ಗಂಟೆ ಬಿರುಸು ನಡಿಗೆ ಎರಡಕ್ಕೂ ಒಳ್ಳೆಯದು. ಆಫೀಸು ಬಿಟ್ಟ ಮೇಲೆ ಬಸ್ ಹಿಡಿಯುವ ಮುಂಚೆ ಅಮಾನಿಕೆರೆಯ ಕಡೆ ಒಂದು ಸುತ್ತು ಹಾಕಿದರೂ ಆದೀತು.

ಆಲ್‌ಪ್ರಜೋಲಾಮ್ ಮುಂದುವರಿಸಬೇಡಿ. ಎರಡು ರಾತ್ರಿ ನುಂಗಿದ್ದರಿಂದ ಹಾನಿಯೇನಿಲ್ಲ, ಹಾಗೇ ನಿಲ್ಲಿಸಬಹುದು. ಆದರೆ ನಿದ್ದೆ ಬಂತು ಎಂಬ ಕಾರಣಕ್ಕೆ ಅದನ್ನು ಹಿಡಿದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಬಿಡುತ್ತದೆ, ಅಷ್ಟೇ ನಿದ್ದೆಗೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಆಗ ಏಕಾಏಕಿ ಬಿಟ್ಟರೆ ಮೊದಲಿಗಿಂತ ಜೋರಾದ ಆತಂಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಲ್ಲದೆ ಅದು ನೆನಪು ಮತ್ತು ಗಮನವನ್ನು ಮಂಕಾಗಿಸುವ ಮಾತ್ರೆ, ನೀವು ಹೇಳಿಕೊಳ್ಳುತ್ತಿರುವ ತೊಂದರೆಯನ್ನೇ ಹೆಚ್ಚಿಸುತ್ತದೆ. ಶೆಡ್ಯೂಲ್ ಎಚ್1 ಔಷಧ ಅದು, ಮೆಡಿಕಲ್ ಸ್ಟೋರಿನವರು ಚೀಟಿ ನೋಡಿ, ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಕೊಡಬೇಕಾದದ್ದು. ನಿಮಗೆ ಕೊಟ್ಟವರಿಗೂ ಇದನ್ನು ತಿಳಿಸಿ, ಅವರು ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕಾಣಲಿ.

ತೋರಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ದಿನ ಮಾನಸಿಕ ಆರೋಗ್ಯ ತಪಾಸಣೆ ಇರುತ್ತದೆ. ಗುಬ್ಬಿ ಆಸ್ಪತ್ರೆಗೆ ಯಾವ ಮಂಗಳವಾರ ವೈದ್ಯರು ಬರುತ್ತಾರೆಂದು ಮೊದಲೇ ಕೇಳಿಕೊಂಡು ಹೋಗಿ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಈ ವಿಭಾಗ ಇರುತ್ತದೆ. ಎಡಿಎಚ್‌ಡಿ ಬಗ್ಗೆ ಅನುಮಾನ ಉಳಿದರೆ ಮಾತ್ರ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗೆ ಕಳಿಸಿಕೊಡುತ್ತಾರೆ. ನೋಟ್ ಪುಸ್ತಕ, ಪ್ರಗತಿ ಪತ್ರ, ರಕ್ತಪರೀಕ್ಷೆಯ ವರದಿ, ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಹೋಗಿ. ‘ನನಗೆ ಎಡಿಎಚ್‌ಡಿ ಇದೆ’ ಎಂದು ಶುರುಮಾಡಬೇಡಿ. ಏನಾಗುತ್ತಿದೆ, ಯಾವಾಗಿನಿಂದ, ಕೆಲಸಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದನ್ನು ಹೇಳಿ. ಐದು ನಿಮಿಷದಲ್ಲಿ ಬಾಲ್ಯದ ಬಗ್ಗೆ ಏನೂ ಕೇಳದೆ ಎಡಿಎಚ್‌ಡಿ ಎಂದು ಬರೆದುಕೊಟ್ಟರೆ, ಅಥವಾ ‘ಮದುವೆಯಾದರೆ ಸರಿಹೋಗುತ್ತೆ’ ಎಂದು ಕಳಿಸಿದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳುವುದು ನಿಮ್ಮ ಹಕ್ಕು.

ಆತಂಕ ಎಂದು ಖಚಿತವಾದರೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಅದರಲ್ಲಿ ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಪದ್ಧತಿ ಸಾಮಾನ್ಯವಾಗಿ 12ರಿಂದ 16 ಭೇಟಿ ಹಿಡಿಯುತ್ತದೆ. ಮಾತ್ರೆ ಬೇಕೆಂದರೆ ಎಸ್ಸಿಟಾಲೋಪ್ರಾಮ್ ಅಥವಾ ಸರ್ಟ್ರಲೀನ್‌ನಂಥವನ್ನು ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಮೊದಲ ವಾರ ಚಡಪಡಿಕೆ, ಓಕರಿಕೆ ಸ್ವಲ್ಪ ಹೆಚ್ಚಾಗಬಹುದು, ಅದನ್ನು ನೋಡಿ ಮಾತ್ರೆ ಬಿಸಾಡುತ್ತಾರೆ. ನಿಜವಾದ ಗುಣ ಕಾಣುವುದು ನಾಲ್ಕರಿಂದ ಆರು ವಾರಕ್ಕೆ. ಚೆನ್ನಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಎಡಿಎಚ್‌ಡಿ ಎಂದು ತೀರ್ಮಾನವಾದರೆ ನಮ್ಮಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಮೀಥೈಲ್‌ಫೆನಿಡೇಟ್ ಮತ್ತು ಆಟೊಮಾಕ್ಸೆಟಿನ್. ಮೊದಲನೆಯದು ನುಂಗಿದ ದಿನವೇ ಕೆಲಸ ಮಾಡುತ್ತದೆ, ಕಾನೂನಿನ ಬಿಗಿ ನಿಯಂತ್ರಣದಲ್ಲಿರುವ ಔಷಧವಾದ್ದರಿಂದ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಎರಡನೆಯದಕ್ಕೆ ಹಲವು ವಾರ ಕಾಯಬೇಕು. ಎರಡಕ್ಕೂ ಮುಂಚೆ ಬಿಪಿ, ನಾಡಿ ನೋಡಿಸಬೇಕು, ಕುಟುಂಬದಲ್ಲಿ ಹೃದಯದ ಕಾಯಿಲೆ ಇದೆಯೆಂದು ಹೇಳಬೇಕು. ನಿಮ್ಮ ತಂದೆಯ ವಿಷಯ ಮರೆಯದೆ ತಿಳಿಸಿ. ಆಟೊಮಾಕ್ಸೆಟಿನ್ ಜೊತೆ ಆತಂಕ-ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಅಥವಾ ಪ್ಯಾರಾಕ್ಸೆಟಿನ್ ಸೇರಿದರೆ ಆಟೊಮಾಕ್ಸೆಟಿನ್ ಪ್ರಮಾಣ ರಕ್ತದಲ್ಲಿ ಏರುತ್ತದೆ, ಆದ್ದರಿಂದ ಇಬ್ಬರು ವೈದ್ಯರು ಬೇರೆ ಬೇರೆ ಚೀಟಿ ಬರೆದಿದ್ದರೆ ಎರಡನ್ನೂ ಇಬ್ಬರಿಗೂ ತೋರಿಸಿ. ಇನ್ನೊಂದು ಮಾತು: ಯಾರದೋ ಮೀಥೈಲ್‌ಫೆನಿಡೇಟ್ ನುಂಗಿ ‘ಗಮನ ಬಂತು, ಹಾಗಾದರೆ ನನಗೆ ಎಡಿಎಚ್‌ಡಿ’ ಎಂದು ತೀರ್ಮಾನಿಸಬೇಡಿ. ಕಾಯಿಲೆ ಇಲ್ಲದವರಿಗೂ ಅದು ಎಚ್ಚರ ತರುತ್ತದೆ, ಆತಂಕ ಇರುವ ಕೆಲವರಿಗೆ ಎದೆಬಡಿತವನ್ನೂ ಏರಿಸುತ್ತದೆ. ಎರಡೂ ಇದ್ದರೆ ಯಾವುದು ಬದುಕನ್ನು ಹೆಚ್ಚು ಕೆಡಿಸುತ್ತಿದೆಯೋ ಅದಕ್ಕೆ ಮೊದಲು ಚಿಕಿತ್ಸೆ. ಆತಂಕ ತಗ್ಗಿದ ಮೇಲೆ ಉಳಿದ ಗಮನದ ತೊಂದರೆಯನ್ನು ಮತ್ತೊಮ್ಮೆ ಅಳೆಯುತ್ತಾರೆ.

ಸಂಬಂಧದ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗೋಪ್ಯ. ಸಂಬಂಧಿಕರು ಬಂದು ಕೇಳಿದರೂ ನಿಮ್ಮ ಒಪ್ಪಿಗೆ ಇಲ್ಲದೆ ವೈದ್ಯರು ಹೇಳುವಂತಿಲ್ಲ. ಹೆಣ್ಣು ನೋಡಲು ಬಂದವರ ಮುಂದೆಲ್ಲ ಇದನ್ನು ಹೇಳಿಕೊಳ್ಳಬೇಕಾಗಿಲ್ಲ. ಮಾತುಕತೆ ಗಟ್ಟಿಯಾಗುವ ಹಂತಕ್ಕೆ ಬಂದು, ಆಗಲೂ ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹುಡುಗನಿಗೆ ನೀವೇ ನೇರವಾಗಿ ಹೇಳುವುದು ಒಳ್ಳೆಯದು. ಮದುವೆಯಾದ ಮೇಲೆ ಮಾತ್ರೆ ಬಚ್ಚಿಟ್ಟು ನುಂಗುವುದು, ಹೆದರಿ ಅರ್ಧಕ್ಕೆ ನಿಲ್ಲಿಸುವುದು ಎರಡೂ ಆತಂಕವನ್ನೇ ಬೆಳೆಸುತ್ತವೆ. ಮಗುವಿನ ಯೋಚನೆ ಬಂದಾಗ ಮಾತ್ರೆ ಬದಲಿಸಬೇಕೇ, ಇಳಿಸಬೇಕೇ ಎಂದು ಮುಂಚಿತವಾಗಿಯೇ ಕೇಳಿ, ತಾವಾಗಿ ಬಿಡಬೇಡಿ.

ಎರಡು ವಾರ ಕಾಯಬಾರದ ಸಂದರ್ಭಗಳೂ ಇವೆ. ಎದೆನೋವು, ತಲೆಸುತ್ತಿ ಬೀಳುವುದು, ಒಂದೇ ಸಮನೆ ತೂಕ ಇಳಿಯುವುದು ಇದ್ದರೆ ಇಂದೇ ವೈದ್ಯರನ್ನು ಕಾಣಿ. ನಿದ್ದೆಯೇ ಬೇಕಿಲ್ಲ ಎನಿಸುವಷ್ಟು ಹುರುಪು ಹಲವು ದಿನ ಇದ್ದರೆ ಅದು ಬೇರೆಯೇ ಕಾಯಿಲೆಯ ಸೂಚನೆ, ಮಾತ್ರೆಗಳ ಆಯ್ಕೆ ಪೂರ್ತಿ ಬದಲಾಗುತ್ತದೆ, ತಪ್ಪದೆ ಹೇಳಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದು ಹೋಗಿದ್ದರೂ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆ ಬಾರದ ರಾತ್ರಿ ಒಂದು ಗಂಟೆಗೆ, ಇನ್ನೂ ವೈದ್ಯರನ್ನು ಕಾಣುವ ಧೈರ್ಯ ಬಂದಿಲ್ಲ ಎನಿಸಿದಾಗಲೂ ಅಲ್ಲಿಂದಲೇ ಶುರುಮಾಡಬಹುದು.